ಅಪ್ಪ ಹಾಕದ ಎಲೆ

ಮಹಾಲಯ ಅಮಾವಾಸ್ಯೆಗೆ ಎಲ್ಲರ ಮನೆಯಲ್ಲೂ ತೀರಿಕೊಂಡ ಹಿರಿಯರಿಗೆ ಎಡೆ ಇಡುತ್ತಾರೆ. ಅಂಬಾಜಿದುರ್ಗದ ಬುಡದಲ್ಲಿದ್ದ ನಮ್ಮ ಮನೆಯಲ್ಲಿ ಮಾತ್ರ ತಾತ ಮುತ್ತಾತರ ಎಲೆಗಳ ಪಕ್ಕದಲ್ಲಿ ಇನ್ನೊಂದು ಸಾಲು ಬೀಳುತ್ತಿತ್ತು. ಅದು ಅಪ್ಪನ ಜೊತೆ ಸೈನ್ಯದಲ್ಲಿದ್ದು ಚೀನಾ ಯುದ್ಧದಲ್ಲಿ ಸತ್ತವರದು. ಮಾಂಸ ಮುಟ್ಟದವನೊಬ್ಬನಿಗೆ ಎಲೆ ದೂರ, ಬೀಡಿ ಬಿಡದವನಿಗೆ ಎಲೆಯ ತುದಿಯಲ್ಲಿ ಬೀಡಿ ಕಟ್ಟು. ಹೊಲದಲ್ಲಿ ಹಿಪ್ಪುನೇರಳೆ ಸಾಲನ್ನು ನೆಟ್ಟಗೆ ನೆಡಲಾರದ ಅಪ್ಪ ಇಲ್ಲಿ ಮಾತ್ರ ಪಕ್ಕಾ ಸಿಪಾಯಿ.

"ಯಾವೂರೋ, ಯಾವ ಜಾತಿನೋ, ನಮ್ ಹಿರೀಕರ ಜೊತೇಲಿ ಕೂರುಸ್ತೀಯಲ್ಲೋ!" ಎಂದು ಅಪ್ಪನ ತಾಯಿ, ನಮ್ಮ ಅಜ್ಜಿ, ಗೊಣಗುವಳು.

"ಅಲ್ಲಿ ಒಂದೇ ತಟ್ಟೇಲಿ ತಿಂದಿದ್ವಮ್ಮ" ಎನ್ನುತ್ತಿದ್ದರು ಅಪ್ಪ.

ಆ ಸಾಲಿನಲ್ಲಿ ಒಬ್ಬನಿಗೆ ಮಾತ್ರ ಎಲೆ ಇರಲಿಲ್ಲ. ಮದನಪಲ್ಲಿ ಕಡೆಯ ತೆಲುಗಿನವನು, ಮೆಷಿನ್ ಗನ್ ಹಿಡಿದವನು. ಹಿಮದ ಗುಡ್ಡದ ಮೇಲೆ ಇವರು ಬೆರಳೆಣಿಕೆಯಷ್ಟು ಜನ, ಕೆಳಗಿನಿಂದ ಹತ್ತಿ ಬಂದವರು ಇರುವೆ ಸಾಲು. ಗುಂಡು ಮುಗಿಯುತ್ತ ಬಂದಾಗ ಇಳಿಯಿರಿ ಎಂದು ಹುಕುಂ ಬಂತು. ಕಾಲಿಗೆ ಏಟು ಬಿದ್ದಿದ್ದ ಅವನು, ನಾನು ತಡೆದಿರುತ್ತೇನೆ, ನೀವು ಹೋಗಿ ಎಂದು ಅಲ್ಲೇ ಉಳಿದ. ಹೆಣ ಸಿಗಲಿಲ್ಲ. "ನಾವು ಇಳೀವಾಗ ಅವನ ಗನ್ನು ಹೊಡೀತಾನೇ ಇತ್ತು" ಎಂದು ಅಪ್ಪ ಪ್ರತಿಸಲವೂ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದರು. ಬದುಕಿರುವವನಿಗೆ ಎಡೆ ಇಟ್ಟರೆ ಅವನ ಆಯುಸ್ಸನ್ನು ನಾವೇ ಕಿತ್ತುಕೊಂಡಂತೆ. ಅದಕ್ಕೇ ಇಡುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ, ನಾನು ಹೈಸ್ಕೂಲಿನಲ್ಲಿದ್ದಾಗ, ಅಮಾವಾಸ್ಯೆಯ ಬೆಳಿಗ್ಗೆಯೇ ಒಬ್ಬ ಮುದುಕಿ ನಮ್ಮ ಮನೆ ಹುಡುಕಿಕೊಂಡು ಬಂದರು. ಆ ಗನ್ನಿನವನ ತಾಯಿ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಅಪ್ಪನಿಂದ ಈ ಕಥೆ ಕೇಳಿದ್ದ ಅವರ ಊರಿನವರೊಬ್ಬರು ಮನೆಯ ಗುರುತು ಹೇಳಿದ್ದರಂತೆ. ಕೊಟ್ಟ ನೀರನ್ನೂ ಕುಡಿಯದೆ, ನಮ್ಮ ಕಡೆ ಎಲ್ಲರಿಗೂ ಬರುವ ತೆಲುಗಿನಲ್ಲೇ ಕೇಳಿದರು.

"ಈ ಸಲ ಅಣ್ಣನಿಗೂ ಎಡೆ ಇಡಣ ಅಂತಾನಪ್ಪ ನನ್ನ ಚಿಕ್ಕ ಮಗ. ಇಷ್ಟು ವರ್ಷ ನಾನು ಇಡೋಕೆ ಬಿಟ್ಟಿಲ್ಲ. ಕಡೇಗೆ ನೋಡಿದೋನು ನೀನು. ಇಡಲಾ, ಬೇಡವಾ? ನೀನು ಹೇಳಿದಂಗೆ."

ಬೇಡ ಎಂದರೆ ಈ ತಾಯಿ ಸಾಯುವತನಕ ಬಾಗಿಲು ಕಾಯಬೇಕು. ಇಡಿ ಎಂದರೆ ಅಪ್ಪನೇ ಅವನನ್ನು ಕೊಂದಂತೆ.

"ಹಳ್ಳ ದಾಟೋಷ್ಟರಲ್ಲಿ ಗನ್ನು ನಿಂತೋಯ್ತಮ್ಮ" ಎಂದರು ಅಪ್ಪ. "ಆಮೇಲೆ ಚೀನಾದೋರು ಕೇಕೆ ಹಾಕಿದ್ದು ಕೇಳುಸ್ತು."

ಇದನ್ನು ನಾವು ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ, ಅಮ್ಮ ಕೂಡ.

ಮುದುಕಿ ಅಳಲಿಲ್ಲ. "ಮಿಕ್ಕೋರೆಲ್ಲ ಇಳಿದ್ರಾ?" ಎಂದರು.

"ಇಳಿದ್ವಮ್ಮ. ಅದಕ್ಕೇ ನಾನಿದ್ದೀನಿ."

"ಹಂಗಾದ್ರೆ ಎಲೆ ಹಾಕಪ್ಪ."

ಅಪ್ಪ ಎಲೆ ತಂದು ಕೈಯಲ್ಲೇ ಹಿಡಿದು ನಿಂತರು. ಆಕೆಯೇ ಎಲೆ ಹಾಸಿ, ಮುದ್ದೆ ಇಟ್ಟು, ಸಾರು ಬಿಟ್ಟರು. ಧೂಪ ಹಾಕಿದ ಮೇಲೆ ಹಿರಿಯರು ಉಣ್ಣಲೆಂದು ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುವುದು ಪದ್ಧತಿ. ಬದುಕಿರುವವರು ಒಳಗೆ ಇರಕೂಡದು. ನಾವೆಲ್ಲ ಹೊರಗೆ ಬಂದೆವು. ಮುದುಕಿ ಎಲೆಯ ಮುಂದಿನಿಂದ ಏಳಲಿಲ್ಲ.

ಅಪ್ಪ ಕರೆಯಲು ಹೊರಟರು. ಶಾಸ್ತ್ರ, ಮೈಲಿಗೆ ಎಂದು ವರ್ಷವಿಡೀ ನಮ್ಮ ಪ್ರಾಣ ಹಿಂಡುತ್ತಿದ್ದ ಅಜ್ಜಿ ಅಪ್ಪನ ತೋಳು ಹಿಡಿದು ಹಿಂದಕ್ಕೆ ಎಳೆದಳು.

"ಸುಮ್ನಿರೋ. ಮಗ ಉಣ್ಣೋವಾಗ ತಾಯಿ ಎದ್ದು ಬರ್ತಾಳೇನೋ?" ಎಂದು ತಾನೇ ಬಾಗಿಲು ಮುಚ್ಚಿದಳು.