ಅತ್ತೆಯ ಎದುರು ಕೂತು ಉಂಡ ನಾಲ್ಕು ದಿನ

ಮೊದಲ ತುತ್ತಿಗೇ ನನ್ನ ಕೈ ನಿಂತುಬಿಟ್ಟಿತು. ಬೇಳೆ ಸಿಹಿಯಾಗಿತ್ತು. ಪಾಯಸದ ಸೌಟನ್ನು ತಪ್ಪಿ ಬೇಳೆಗೆ ಹಾಕಿರಬೇಕು ಎಂದುಕೊಂಡು ಬಡಿಸುವವನನ್ನು ಕರೆದು ಬಟ್ಟಲು ತೋರಿಸಿದೆ. ಅವನು ಬಗ್ಗಿ ನೋಡಿದ, ನಕ್ಕ, ಇನ್ನೊಂದು ಸೌಟು ಸುರಿದು ಮುಂದೆ ಹೋದ. ಸುತ್ತಲಿನವರೆಲ್ಲ ಅದೇ ಬೇಳೆಯನ್ನು ಅನ್ನಕ್ಕೆ ಕಲಸಿಕೊಂಡು ನೆಮ್ಮದಿಯಿಂದ ಉಣ್ಣುತ್ತಿದ್ದರು. ನಾನೋ ತೊಗರಿ ಬೆಳೆಯುವ ನೆಲದವಳು. ಸುಗ್ಗಿಯಲ್ಲಿ ಆಳಂದದಲ್ಲಿ ಕಾಳು ಕೊಳ್ಳುವ ಅಡತಿ ಅಂಗಡಿಗಳ ಮುಂದೆ ನಡೆದರೆ ತೊಗರಿಯ ಧೂಳು ಮೂಗಿಗೆ ಹತ್ತಿ ಸೀನು ಬರುತ್ತದೆ. ಬೇಳೆ ಎಂದರೆ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಹುಣಸೆಹುಳಿ ಎಂದೇ ನಂಬಿ ಮೂವತ್ತು ವರ್ಷ ಕಳೆದವಳಿಗೆ ಅಹಮದಾಬಾದಿನ ಆ ಬಟ್ಟಲು ನೋಡಿ ಅಳು ಬಂತು. ಎಷ್ಟು ದೂರ ಬಂದಿದ್ದೇನೆ ಎಂಬುದು ರೈಲಿನಲ್ಲಿ ಇಡೀ ದಿನ ಕೂತಾಗ ತಿಳಿದಿರಲಿಲ್ಲ, ಆಗ ತಿಳಿಯಿತು.

ನನ್ನ ತವರು ನರೋಣಾ, ಕೊಟ್ಟ ಮನೆ ಹಿರೋಳ್ಳಿ. ಮದುವೆಗೆ ಮೊದಲು ಕಲಬುರಗಿಯಲ್ಲಿ ರಕ್ತ ಪರೀಕ್ಷೆಯ ಕೋರ್ಸು ಮಾಡಿದ್ದೆ. ಮದುವೆಯಾದ ಆರನೇ ವರ್ಷ ನನ್ನ ಗಂಡ ಮಲ್ಲಿನಾಥ ಹೊಲದಿಂದ ಬಂದು ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತವರು ಮತ್ತೆ ಏಳಲಿಲ್ಲ. ಮಕ್ಕಳಿರಲಿಲ್ಲ. ಎರಡು ವರ್ಷ ಅದೇ ಮನೆಯಲ್ಲಿದ್ದೆ. ಆಮೇಲೆ ಕೋರ್ಸಿನ ಗೆಳತಿಯೊಬ್ಬಳು ಇಲ್ಲಿಯ ಒಂದು ಲ್ಯಾಬಿನಲ್ಲಿ ಕೆಲಸ ಇದೆ ಎಂದಳು. ಹೊರಟೆ. ಭಾವ, ನೆಗೆಣ್ಣಿ ಬಾಗಿಲವರೆಗೆ ಬಂದರು. ಅತ್ತೆ ಬರಲಿಲ್ಲ. ಒಲೆಯ ಕಡೆ ಮುಖ ಮಾಡಿ ರೊಟ್ಟಿ ಬಡಿಯುತ್ತಲೇ ಇದ್ದರು. "ಹೋಗಿ ಬರ್ತೇನ್ರಿ ಅತ್ತಿ" ಎಂದೆ. ರೊಟ್ಟಿ ಬಡಿಯುವ ಸದ್ದು ನಿಲ್ಲಲಿಲ್ಲ.

ಇಲ್ಲಿ ನನಗೆ ಸಿಕ್ಕ ಕೋಣೆಗೆ ಒಂದು ಕಿಟಕಿ, ಒಂದು ಮಂಚ, ಒಂದು ಷರತ್ತು. ಅಡುಗೆ ಮಾಡುವಂತಿಲ್ಲ. ಒಲೆಯ ಹೆಸರೆತ್ತಿದರೆ ಮನೆಯೊಡತಿ ಕೈಮುಗಿಯುತ್ತಿದ್ದರು. ಹೀಗಾಗಿ ಮೂರು ಹೊತ್ತೂ ಹೊರಗಿನ ಊಟ. ಇದು ಎಂಥ ಪೇಚು ಎಂಬುದು ನಮ್ಮ ಕಡೆಯ ಹೆಂಗಸರಿಗೆ ಹೇಳಬೇಕಾಗಿಲ್ಲ. ಆಳಂದದಲ್ಲಾಗಲಿ ಅಫಜಲಪುರದಲ್ಲಾಗಲಿ ಹೆಂಗಸು ಒಬ್ಬಳೇ ಹೋಟೆಲಿಗೆ ಹೋಗಿ ಉಂಡಿದ್ದನ್ನು ನಾನು ಕಂಡಿಲ್ಲ. ಗಂಡನ ಜೊತೆಗೋ ಅಣ್ಣನ ಜೊತೆಗೋ ಹೋದರೂ ಒಳಗಿನ ಫ್ಯಾಮಿಲಿ ರೂಮು, ಅದಕ್ಕೊಂದು ಜಿಡ್ಡು ಹತ್ತಿದ ಪರದೆ. ಪೂರಿ ತಿಂದು ಸೆರಗಿನಿಂದ ಬಾಯಿ ಒರೆಸಿಕೊಂಡು ಬೇಗ ಎದ್ದುಬಿಡಬೇಕು.

ಇಲ್ಲಿ ಪರದೆಗಳಿಲ್ಲ. ಭಾನುವಾರ ಸಂಜೆ ಎಷ್ಟೋ ಮನೆಗಳಲ್ಲಿ ಒಲೆ ಹಚ್ಚುವುದೇ ಇಲ್ಲ, ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಹೊರಗೆ ಉಣ್ಣಲು ಹೊರಡುತ್ತಾರೆ. ಚಹಾದ ಗೂಡಂಗಡಿಗೆ 'ಕಿಟ್ಲಿ' ಎನ್ನುತ್ತಾರೆ, ಕೆಟಲ್ ಇಟ್ಟುಕೊಂಡಿರುವುದರಿಂದ. ಅದರ ಮುಂದೆ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕಾಲೇಜು ಹುಡುಗಿಯರು ಗಂಟೆಗಟ್ಟಲೆ ಹರಟುತ್ತಾರೆ. ನನಗೆ ಆ ಸ್ಟೂಲಿನ ಮೇಲೆ ಕೂರಲು ನಾಲ್ಕು ತಿಂಗಳು ಬೇಕಾಯಿತು.

ಕೋಣೆಯ ಹತ್ತಿರವೇ ರಮೀಲಾಬೆನ್ ಎಂಬುವರ ಊಟದ ಮನೆ ಇದೆ. ಬೆನ್ ಎಂದರೆ ಅಕ್ಕ. ಎಂಟು ಮೇಜು, ಗೋಡೆಗೆ ದೊಡ್ಡ ಗಡಿಯಾರ. ಬಾಗಿಲಲ್ಲಿ ಬಡಿಸುವವನು ದಿನವೂ ಕೇಳುತ್ತಿದ್ದ, "ಕೇಟ್ಲಾ ಜಣ್?" ಎಷ್ಟು ಮಂದಿ ಎಂದು. ನಾನು ಒಂದು ಬೆರಳು ಎತ್ತುತ್ತಿದ್ದೆ. ಅವನಿಗೆ ಅದು ಬರೀ ಮೇಜು ಹುಡುಕುವ ಪ್ರಶ್ನೆ. ನನಗೆ ಆ ಬೆರಳು ಎತ್ತುವುದು ಭಾರವಾಗುತ್ತಿತ್ತು. ಕೆಲವು ದಿನ ಅವನು ಕೇಳುವುದನ್ನು ತಪ್ಪಿಸಿಕೊಳ್ಳಲೆಂದೇ ಬಿಸ್ಕೀಟು ತಿಂದು ಮಲಗಿದ್ದುಂಟು.

ಮೂರನೇ ತಿಂಗಳಲ್ಲಿ ನನ್ನ ಮೊದಲ ಗೆಲುವು. ಬೇಳೆಗೆ ಹಾಕುವ ಬೆಲ್ಲಕ್ಕೆ ಇಲ್ಲಿ 'ಗೋಳ್' ಎನ್ನುತ್ತಾರೆ ಎಂದು ತಿಳಿಯಿತು. ನಮ್ಮಲ್ಲಿ ಗೋಳು ಎಂದರೆ ಏನೆಂದು ನಿಮಗೆ ಗೊತ್ತು. ನಗು ತಡೆದುಕೊಂಡು ರಮೀಲಾಬೆನ್ ಹತ್ತಿರ ಹೋಗಿ "ದಾಳ್ ಮಾಂ ಗೋಳ್ ನಹಿ" ಎಂದೆ. ಅವರು ನನ್ನ ಮುಖವನ್ನೇ ನೋಡಿ, "ಇಷ್ಟು ದಿನ ಹೇಳಬಾರದಿತ್ತೇ?" ಎಂದರು ಹಿಂದಿಯಲ್ಲಿ. ಮರುದಿನದಿಂದ ಬೆಲ್ಲ ಹಾಕುವ ಮೊದಲೇ ನನಗೊಂದು ಬಟ್ಟಲು ತೆಗೆದಿಡತೊಡಗಿದರು. ಆ ಬಟ್ಟಲಿಗೆ ಚಿಟಿಕೆ ಖಾರದ ಪುಡಿ ಉದುರಿಸಿಕೊಂಡು ಉಂಡ ದಿನ ಈ ಊರಲ್ಲಿ ಬದುಕಬಲ್ಲೆ ಅನ್ನಿಸಿತು.

ಹೀಗೆ ಮೂರು ವರ್ಷವಾದ ಮೇಲೆ ಭಾವನ ಫೋನು ಬಂತು. ಹಿರೋಳ್ಳಿಯ ಹತ್ತಾರು ಮಂದಿ ಸೋಮನಾಥದ ಯಾತ್ರೆಗೆ ಹೊರಟಿದ್ದಾರೆ, ಅವ್ವನೂ ಬರುತ್ತಿದ್ದಾಳೆ, ದರ್ಶನ ಮುಗಿಸಿ ಅಹಮದಾಬಾದಿಗೆ ಬಂದಾಗ ನಿನ್ನ ಹತ್ತಿರ ಇಳಿಯುತ್ತಾಳೆ, ಉಳಿದವರು ಬೇರೆ ಊರು ನೋಡಿ ಬರುವವರೆಗೆ ನಾಲ್ಕು ದಿನ ಇಟ್ಟುಕೊ. ಫೋನಿಟ್ಟ ಮೇಲೆ ಬಹಳ ಹೊತ್ತು ಕೋಣೆಯನ್ನು ನೋಡುತ್ತ ಕೂತೆ. ಹೋಟೆಲಿನ ನೀರನ್ನೂ ಮುಟ್ಟದ ಹೆಂಗಸು ಅವರು. ದಿನವೂ ಲಿಂಗಪೂಜೆ ಮುಗಿಸದೆ ಬಾಯಲ್ಲಿ ಹನಿ ನೀರು ಹಾಕುವವರಲ್ಲ. ಕಲಬುರಗಿಗೆ ಆಸ್ಪತ್ರೆಗೆ ಹೋದಾಗಲೂ ರೊಟ್ಟಿ ಗಂಟು ಜೊತೆಗಿರುತ್ತಿತ್ತು.

ರೈಲಿಳಿದ ಅತ್ತೆ ಮೊದಲಿಗಿಂತ ಕುಗ್ಗಿದ್ದರು. ಕೈಯಲ್ಲಿದ್ದ ರೊಟ್ಟಿಯ ಬುಟ್ಟಿ ಖಾಲಿ. "ಎಲ್ರೂ ಉಂಡು ಮುಗಿಸಿದ್ರು" ಎಂದರು. ಮೂರು ವರ್ಷದ ನಂತರ ನನ್ನೊಂದಿಗೆ ಆಡಿದ ಮೊದಲ ಮಾತು ಅದು.

ಕೋಣೆಗೆ ಬಂದು ಸ್ನಾನ, ಪೂಜೆ ಮುಗಿಸಿ ಸುತ್ತಲೂ ನೋಡಿದರು. "ಒಲಿ ಎಲ್ಲ್ಯದ?"

"ಇಲ್ರಿ ಅತ್ತಿ. ಇಲ್ಲಿ ಮಾಡಂಗಿಲ್ಲ. ಹೊರಗ ಉಣಬೇಕು."

ಅವರು ಚೀಲಕ್ಕೆ ಕೈ ಹಾಕಿದರು. ಎರಡು ಬಾಳೆಹಣ್ಣು ತಿಂದರು. ಸಂಜೆಗೆ ಹಸಿವು ತಾಳದೆ ತಾವೇ ಎದ್ದು ಸೆರಗು ಹೊದ್ದರು. ರಮೀಲಾಬೆನ್ ಬಾಗಿಲಲ್ಲಿ ಬಡಿಸುವವನು ನನ್ನ ಜೊತೆ ಇನ್ನೊಬ್ಬರನ್ನು ಕಂಡು ಬೆರಗಾಗಿ ಎರಡು ಬೆರಳೆತ್ತಿ ಕೇಳಿದ, "ಬೇ?"

ಅತ್ತೆ ಅಲ್ಲೇ ನಿಂತರು. "ನನಗ ಬೇ ಅಂತಾನಲ್ಲ! ಗುರ್ತಿಲ್ಲ ಪರಿಚಯಿಲ್ಲ, ಯಾರಂವ?"

ನಮ್ಮ ಕಡೆ ಬಾ ಬೇ, ಹೋಗ್ ಬೇ ಎನ್ನುವುದು ಮನೆಯ ಸಲಿಗೆಯ ಹೆಂಗಸರಿಗೆ ಮಾತ್ರ. ಗುಜರಾತಿಯಲ್ಲಿ ಬೇ ಎಂದರೆ ಎರಡು ಎಂದು ತಿಳಿಸಿ ಹೇಳುವಷ್ಟರಲ್ಲಿ ಬಾಗಿಲಲ್ಲಿ ನಾಲ್ಕಾರು ಮಂದಿ ಜಮಾಯಿಸಿದ್ದರು. ಅತ್ತೆಗೆ ಪೂರ್ತಿ ನಂಬಿಕೆ ಬರಲಿಲ್ಲ. ಅವನನ್ನು ಓರೆಗಣ್ಣಿನಿಂದ ನೋಡುತ್ತಲೇ ಒಳಗೆ ನಡೆದರು.

ಆಮೇಲೆ ನಾನು ಯೋಚಿಸಿಯೇ ಇರದ ಒಂದು ಪೇಚು ಎದುರಾಯಿತು. ಮೇಜಿಗೆ ಎದುರುಬದುರು ಎರಡೇ ಕುರ್ಚಿ. ಹಿರೋಳ್ಳಿಯ ಮನೆಯಲ್ಲಿ ಎಂಟು ವರ್ಷ ಇದ್ದರೂ ನಾನು ಅತ್ತೆಯ ಎದುರು ಕೂತು ಉಂಡವಳಲ್ಲ. ಮೊದಲು ಗಂಡಸರು, ಆಮೇಲೆ ಅತ್ತೆ, ಕೊನೆಗೆ ನಾವು ಸೊಸೆಯಂದಿರು ಅಡುಗೆಮನೆಯ ಮೂಲೆಯಲ್ಲಿ. ಇಲ್ಲಿ ಎರಡು ತಟ್ಟೆಗಳು ಒಟ್ಟಿಗೇ ಬಂದವು. ಅವರು ಉಣ್ಣಲೆಂದು ನಾನು ಕಾದೆ. ನಾನೇಕೆ ಸುಮ್ಮನೆ ಕೂತಿದ್ದೇನೆಂದು ಅವರು ನೋಡಿದರು. ರೋಟಿಗಳು ಆರುತ್ತಿದ್ದವು.

"ಉಣ್ಣು" ಎಂದರು ಕೊನೆಗೆ. "ಇಲ್ಲಿ ಯಾರ್ ನೋಡ್ತಾರ?"

ಬೇಳೆ ಬಾಯಿಗಿಟ್ಟವರೇ ಹುಬ್ಬು ಗಂಟಿಕ್ಕಿದರು. "ಬ್ಯಾಳ್ಯಾಗ ಬೆಲ್ಲ ಯಾರ್ ಸುರದಾರ ಇವ್ರು?" ನಾನು ನನ್ನ ಬಟ್ಟಲನ್ನು ಅವರ ಕಡೆ ಸರಿಸಿ, ಅವರದನ್ನು ನಾನು ತೆಗೆದುಕೊಂಡೆ.

ಮರುದಿನ ಲ್ಯಾಬಿನ ಬಳಿಯ ಗಾಜಿನ ಬಾಗಿಲಿನ ಕೆಫೆಗೆ ಕರೆದುಕೊಂಡು ಹೋದೆ, ಬಿಸಿಲಿಗೆ ಅವರು ಸೋತಿದ್ದರು. ಮೆತ್ತನೆಯ ಕುರ್ಚಿಯಲ್ಲಿ ಕಾಲು ಮಡಚಿ ಕೂತು ಚಹಾ ಕುಡಿಯುತ್ತ ಪಕ್ಕದ ಮೇಜಿನ ಹುಡುಗಿಯನ್ನೇ ನೋಡುತ್ತಿದ್ದರು.

"ಈಕಿ ಯಾರ ಸಂಗಾಟ ಬಂದಾಳ?"

"ಒಬ್ಬಾಕಿನೇ ಬಂದಾಳ್ರಿ."

"ಯಾಕ?"

"ಸುಮ್ನ ಕುಂದ್ರಾಕ."

ಅತ್ತೆ ಕಪ್ಪನ್ನು ಕೆಳಗಿಟ್ಟರು. "ಸುಮ್ನ ಕುಂದ್ರಾಕ ಇಷ್ಟ ದೂರ ಬರಬೇಕೇನ?"

ಹುಡುಗಿಯ ಬಗ್ಗೆ ಕೇಳಿದ ಮಾತಲ್ಲ ಅದು. ಆದರೆ ಇಬ್ಬರೂ ಹುಡುಗಿಯ ಬಗ್ಗೆಯೇ ಎಂಬಂತೆ ಆಕೆಯ ಕಡೆ ನೋಡಿದೆವು.

ಮೂರನೆಯ ದಿನ ಮಧ್ಯಾಹ್ನ ರಮೀಲಾಬೆನ್ ಊಟದ ಮನೆಯಲ್ಲಿ ಜನ ಕಡಿಮೆ ಇತ್ತು. ಅತ್ತೆ ರೋಟಿಯ ಚೂರನ್ನು ಕೈಯಲ್ಲೇ ಹಿಡಿದು ಹೇಳಿದರು, "ಆಳಂದದಾಗ ಒಬ್ರು ಡಾಕ್ಟರು ಹೊಸ ಲ್ಯಾಬ್ ತಗದಾರ. ನಿನ್ನ ಸಲುವಾಗಿ ಕೇಳಿ ಬಂದೇನಿ. ಮನಿಯಿಂದನೇ ಹೋಗಿ ಬರೂದು. ಬಂದುಬಿಡು ಸುವರ್ಣಾ."

ಯಾತ್ರೆಯ ನೆಪದಲ್ಲಿ ಇದಕ್ಕಾಗಿಯೇ ಬಂದಿದ್ದರು. ಮನೆಯಲ್ಲಾಗಿದ್ದರೆ ನಾನು ತಲೆ ತಗ್ಗಿಸಿ ಯಾವುದೋ ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಇಲ್ಲಿ ಎದ್ದು ಹೋಗಲು ಹಿತ್ತಲಿರಲಿಲ್ಲ. ಎರಡು ಮೊಳದ ಮೇಜು, ಆಚೆ ಅವರ ಮುಖ.

"ಆಗಂಗಿಲ್ರಿ ಅತ್ತಿ" ಎಂದೆ. ಅವರಿಗೆ ಆಗುವುದಿಲ್ಲ ಎಂದು ಮುಖ ನೋಡಿ ಹೇಳಿದ್ದು ಅದೇ ಮೊದಲು. "ಆ ಕಟ್ಟಿ, ಆ ಬಾಗಿಲಾ, ಹೊಲದ ದಾರಿ, ಎಲ್ಲಾ ಕಡೆ ಅವ್ರ ಹೆಸರೇ ಅದ. ನನಗ ಉಸಿರಾಡಾಕ ಆಗೂದಿಲ್ಲ."

ಅತ್ತೆ ಕೈಯಲ್ಲಿದ್ದ ರೋಟಿಯ ಚೂರನ್ನು ತಟ್ಟೆಗೆ ಹಾಕಿದರು. ಸಿಟ್ಟು ಬಂತೆಂದುಕೊಂಡೆ. ಆಮೇಲೆ ನಿಧಾನವಾಗಿ ಹೇಳಿದರು. "ನೀ ಹೋದ ದಿನ ನಾ ಯಾಕ ಮಾರಿ ತಿರುಗಿಸ್ಲಿಲ್ಲ, ಗೊತ್ತದ ಏನ? ಅವನ ಹೆಸರು ತಗೊಳ್ಳಾಕಿ ಮನ್ಯಾಗ ನೀ ಒಬ್ಬಾಕಿ ಇದ್ದಿ. ಈಗ ನಾ ಮಲ್ಲಿನಾಥ ಅಂದ್ರ ಎಲ್ರೂ ಎದ್ದು ಒಂದೊಂದು ಕಡೆ ಹೋಗ್ತಾರ. ಮುದುಕಿಗಿ ಅಳಸಬಾರದು ಅಂತ. ಮಗ ಇದ್ದನೋ ಇಲ್ಲೋ ಅಂತ ನನಗೇ ಸಂಶೇ ಬರ್ತದ."

ಒಂದೇ ಹೆಸರು. ನಾನು ಅದರಿಂದ ಓಡಿ ಬಂದಿದ್ದೆ, ಅವರು ಅದನ್ನು ಕೇಳಲು ಹಂಬಲಿಸುತ್ತಿದ್ದರು. ಸಮಾಧಾನ ಹೇಳಲೆಂದು ಬಾಯಿ ತೆರೆದೆ. ಮತ್ತೇನೋ ಬಾಯಿಂದ ಬಂದುಬಿಟ್ಟಿತು.

"ಅವ್ರು ಆಳಂದಕ್ಕ ಹೋದಾಗೆಲ್ಲ ಆಮ್ಲೆಟ್ ತಿಂತಿದ್ರು ಅತ್ತಿ."

ಹೇಳಿ ನಾಲಿಗೆ ಕಚ್ಚಿಕೊಂಡೆ. ಮೊಟ್ಟೆಯ ಹೆಸರನ್ನೂ ಎತ್ತದ ಮನೆ ನಮ್ಮದು. ನನ್ನನ್ನು ಗಾಡಿಯ ಮೇಲೆ ಕರೆದುಕೊಂಡು ಹೋದಾಗ ಹೋಟೆಲಿನ ಪರದೆಯ ಹಿಂದೆ ಅವರು ಬಿಸಿ ಆಮ್ಲೆಟ್ ಮುರಿಯುತ್ತಿದ್ದರೆ, ಊರವರು ಯಾರಾದರೂ ಬಂದರೇ ಎಂದು ನಾನು ಸಂದಿಯಿಂದ ಇಣುಕಿ ಕಾಯಬೇಕಿತ್ತು.

ಅತ್ತೆಯ ಮುಖ ಬದಲಾಗಲಿಲ್ಲ. "ನನಗ ಗೊತ್ತಿತ್ತು."

"ಗೊತ್ತಿತ್ತ?"

"ಅಂಗಿ ಒಗಿಯಾಕಿ ನಾ. ವಾಸನಿ ಗೊತ್ತಾಗಂಗಿಲ್ಲೇನ?"

"ಮತ್ತ ಯಾಕ ಸುಮ್ನಿದ್ರಿ?"

"ಹೊಟ್ಟಿ ತುಂಬಿಸ್ಕೊಂಡು ಬಂದ್ರೂ ನನ್ನ ಮುಂದ ಕುಂತು ಮತ್ತ ಎರಡು ರೊಟ್ಟಿ ತಿಂತಿದ್ದ. ತಿನ್ನಾಕ ಆಗದೆ ಒದ್ದಾಡ್ತಿದ್ದ. ನಾ ಬೇಕಂತ್ಲೇ ಮೂರನೇದು ಹಾಕ್ತಿದ್ದೆ."

ನನಗೆ ನಗು ತಡೆಯಲಾಗಲಿಲ್ಲ. ಅವರಿಗೂ. ಹೆಗಲು ಅಲುಗಿಸಿ ನಗುತ್ತ ನಗುತ್ತ ಸೆರಗು ಕಣ್ಣಿಗೆ ಹೋಯಿತು, ನನ್ನ ಕೈ ಅವರ ಮಣಿಕಟ್ಟಿಗೆ ಹೋಯಿತು. ರಮೀಲಾಬೆನ್ ದೂರದಿಂದ ನೋಡಿ ಎರಡು ಲೋಟ ಛಾಸ್ ತಂದಿಟ್ಟು ಹೋದರು. ಛಾಸ್ ಎಂದರೆ ನಮ್ಮ ಮಜ್ಜಿಗೆಯೇ, ಜೀರಿಗೆ ಹಾಕಿದ್ದು. ಅಂದು ರಮೀಲಾಬೆನ್ ಬಾಗಿಲು ಹಾಕುವ ಹೊತ್ತಿನವರೆಗೂ ನಾವು ಅಲ್ಲೇ ಕೂತು ಮಲ್ಲಿನಾಥನ ಬಗ್ಗೆ ಮಾತಾಡಿದೆವು. ಅತ್ತೆಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ, ನನಗೆ ಗೊತ್ತಿದ್ದದ್ದು ಅವರಿಗೆ.

ನಾಲ್ಕನೆಯ ದಿನ ಅವರೇ ಮುಂದೆ ನಡೆದು ಮೇಜು ಹಿಡಿದರು. ಬಡಿಸುವವನು ಬಂದಾಗ ಬಟ್ಟಲಿನ ಮೇಲೆ ಅಂಗೈ ಅಡ್ಡ ಹಿಡಿದು "ಗೋಳ್ ನಹಿ" ಎಂದರು. ನಾನು ಮೂರು ತಿಂಗಳು ತೆಗೆದುಕೊಂಡದ್ದನ್ನು ಅವರು ಮೂರು ದಿನದಲ್ಲಿ ಕಲಿತಿದ್ದರು.

ರೈಲಿನ ಬಳಿ ಹಿರೋಳ್ಳಿಯವರೆಲ್ಲ ಸೇರಿದ್ದರು. ಅವರ ಮುಂದೆ ಅತ್ತೆ ಏನೂ ಹೇಳಲಾರರು ಎಂದುಕೊಂಡಿದ್ದೆ. ಹತ್ತುವ ಮೊದಲು ನನ್ನನ್ನು ಪಕ್ಕಕ್ಕೆ ಕರೆದರು. "ಮನಿಗಿ ಬರಾಕ ಆಗಂಗಿಲ್ಲ ಅಂದಿ. ಬ್ಯಾಡ ಬಿಡು. ಆಳಂದದತನಕ ಬಾ. ನಾ ಹಿರೋಳ್ಳಿಯಿಂದ ಬಸ್ಸಿಗಿ ಬರ್ತೇನಿ. ಹೋಟೆಲ್‌ನ್ಯಾಗ ಕುಂತು ಮಾತಾಡೂಣು."

ಹೋಟೆಲಿನ ನೀರು ಮುಟ್ಟದವರು ಹೇಳಿದ ಮಾತು ಇದು.

ಈಗ ಎರಡು ವರ್ಷದಿಂದ ಹಾಗೇ ನಡೆದಿದೆ. ರಜೆಯಲ್ಲಿ ನರೋಣಾಕ್ಕೆ ಹೋದಾಗ ಒಂದು ದಿನ ಆಳಂದಕ್ಕೆ ಹೋಗುತ್ತೇನೆ. ಅತ್ತೆ ನನಗಿಂತ ಮೊದಲೇ ಬಂದು ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಕೂತಿರುತ್ತಾರೆ. ಒಗ್ಗರಣೆ ಹಾಕಿದ ಮಂಡಕ್ಕಿಯ ಸೂಸಲಾ, ಮಿರ್ಚಿ ಭಜಿ, ಎರಡು ಸಲ ಚಹಾ. ಹಿರೋಳ್ಳಿಯ ಮನೆಗೆ ನಾನಿನ್ನೂ ಹೋಗಿಲ್ಲ. ಹೋಗುತ್ತೇನೆಂದು ಒಮ್ಮೊಮ್ಮೆ ಅನ್ನಿಸುತ್ತದೆ. ವಿಚಿತ್ರವೆಂದರೆ ಭಜಿಯ ಖಾರಕ್ಕೆ ಈಗ ನನ್ನ ಕಣ್ಣಲ್ಲಿ ನೀರು ಬರುತ್ತದೆ, ಅಹಮದಾಬಾದಿಗೆ ಮರಳಿದ ಮೊದಲ ವಾರ ಖಾರವಿಲ್ಲವೆಂದು ಊಟ ಸೇರುವುದಿಲ್ಲ.

ಕಳೆದ ಸಲ ಸಂತೆಯ ದಿನ, ಹೋಟೆಲು ಗಿಜಿಗುಡುತ್ತಿತ್ತು. ಜೇವರ್ಗಿ ಕಡೆಯ ಹೆಂಗಸೊಬ್ಬಳು ಬಂದು ನಮ್ಮ ಮೇಜಿಗೇ ಕೂತಳು. ಮಾತುಗಾತಿ. ತಾನು ಎಲ್ಲಿಂದ ಬಂದೆ, ಯಾರನ್ನು ನೋಡಲು ಹೊರಟಿದ್ದೇನೆ ಎಲ್ಲ ಹೇಳಿದ ಮೇಲೆ ಅತ್ತೆಯ ಸೀರೆ, ನನ್ನ ಚೂಡಿದಾರ ನೋಡಿ ಕೇಳಿದಳು, "ನೀವಿಬ್ರೂ ಒಂದೇ ಊರಾವ್ರೇನ್ರಿ?"

"ಹೌದ್ರಿ" ಎಂದರು ಅತ್ತೆ.

"ಅಲ್ರಿ" ಎಂದೆ ನಾನು.

ಎರಡೂ ಒಂದೇ ಉಸಿರಿಗೆ ಬಂದವು. ಆಕೆ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದಳು. ಯಾವುದು ಖರೆ ಎಂದು ಕೇಳಬಹುದಿತ್ತು, ಆದರೆ ಅಷ್ಟರಲ್ಲಿ ಅವಳ ಬಸ್ಸಿನ ಹಾರ್ನು ಕೇಳಿಸಿ, ಚಹಾ ಗುಟುಕರಿಸಿ, ಚೀಲ ಎತ್ತಿಕೊಂಡು ಓಡಿದಳು. ಅತ್ತೆ ನನ್ನ ಮುಖ ನೋಡುತ್ತಿದ್ದರು. ನಾನು ಅವರ ಮುಖ ನೋಡಿದೆ. ಇಬ್ಬರೂ ನಮ್ಮ ಮಾತನ್ನು ತಿದ್ದಲಿಲ್ಲ.