ಬಾಯಾರ ಬರಹ ಅಳಿಸಿದ ರವಿವಾರ

ನನಗೆ ಅಕ್ಷರ ಕಲಿಸಿದವರ ಹತ್ತು ತಿಂಗಳ ಬರವಣಿಗೆಯನ್ನು ನಾನು ಒಂದೇ ಸಾಲಿನ ಆಜ್ಞೆ ಕೊಟ್ಟು ಅಳಿಸಿಹಾಕಿದೆ. ಗುಡಗೇರಿಯಲ್ಲಿ, ಅವರದೇ ಪಡಸಾಲೆಯಲ್ಲಿ, ಅವರು ಒಳಗೆ ನನಗಾಗಿ ಚಹಾಕ್ಕೆ ಇಟ್ಟಿದ್ದಾಗ.

ನಾವು ಅವರನ್ನು ಬಾಯಾರು ಎನ್ನುತ್ತಿದ್ದೆವು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಹಾಗೆ ಕರೆಯುವುದುಂಟು. ಮದುವೆಯಾಗಿರಲಿಲ್ಲ, ತಂಗಿಯ ಜೊತೆ ಇದ್ದರು. ನಿವೃತ್ತಿಯಾದ ಮೇಲೆ ಅವರು ಯಾರೂ ಹೇಳದ ಒಂದು ಕೆಲಸ ಹಿಡಿದರು. ತಮ್ಮ ವರ್ಗದಲ್ಲಿ ಕುಳಿತು ಅರ್ಧಕ್ಕೆ ಶಾಲೆ ಬಿಟ್ಟ ಹುಡುಗಿಯರನ್ನು ಹುಡುಕಿಕೊಂಡು ಹೋಗಿ, ಮಾತಾಡಿಸಿ ಬಂದು, ಒಬ್ಬೊಬ್ಬರ ಬಗ್ಗೆ ಎರಡು ಮೂರು ಪುಟ ಬರೆಯುವುದು. "ಹಾಜರಿಯೊಳಗ ಅವರ ಹೆಸರಿನ ಮ್ಯಾಲೆ ಕೆಂಪು ಗೆರಿ ಎಳದಾಕಿ ನಾನ. ಯಾಕ ಬಿಟ್ಟೆವ್ವಾ ಅಂತ ಒಬ್ಬಾಕಿನ್ನೂ ಕೇಳಲಿಲ್ಲ" ಎನ್ನುತ್ತಿದ್ದರು.

ಆ ಹುಡುಗಿಯರಲ್ಲಿ ನನ್ನ ಅಕ್ಕನೂ ಒಬ್ಬಳು. ಅವ್ವ ಕೂಲಿಗೆ ಹೋಗತೊಡಗಿದಾಗ ಮನೆ ನೋಡಿಕೊಳ್ಳಲು, ನನ್ನನ್ನು ಶಾಲೆಗೆ ಕಳಿಸಲು ಅವಳು ಆರನೆಯ ವರ್ಗಕ್ಕೇ ಶಾಲೆ ಬಿಟ್ಟಳು. ಈಗ ಕುಬಿಹಾಳದಲ್ಲಿದ್ದಾಳೆ. ಬಾಯಾರು ಅಲ್ಲಿಗೂ ಹೋಗಿ ಇಡೀ ಮಧ್ಯಾಹ್ನ ಅವಳೊಂದಿಗೆ ಕುಳಿತು ಬಂದಿದ್ದರು. "ನಿಮ್ಮಕ್ಕಂದು ಬರದೇನಿ, ಓದು" ಎಂದು ಎರಡು ಸಲ ಹೇಳಿದರು. ಪುಸ್ತಕವಾದ ಮೇಲೆ ಓದ್ತೀನ್ರಿ ಎಂದು ತಪ್ಪಿಸಿಕೊಂಡೆ. ನಿಜವೆಂದರೆ ನನಗೆ ಅಂಜಿಕೆಯಿತ್ತು.

ಪ್ರಶ್ನೆಪತ್ರಿಕೆ ಟೈಪು ಮಾಡುತ್ತ ಕಲಿತ ಹಳೆಯ ಕನ್ನಡ ತಂತ್ರಾಂಶವೊಂದೇ ಬಾಯಾರ ಬೆರಳಿಗೆ ಒಗ್ಗಿತ್ತು. ಅದು ಹಳೆಯ ವಿಂಡೋಸಿನಲ್ಲಿ ಮಾತ್ರ ನಡೆಯುತ್ತಿತ್ತು. ಅವರ ಕಂಪ್ಯೂಟರ್ ಕೆಟ್ಟಾಗ, ಕುಂದಗೋಳದ ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುವ ನಾನು, ಬೇರೊಂದು ಯಂತ್ರಕ್ಕೆ ಲಿನಕ್ಸ್ ಹಾಕಿ ಅದರೊಳಗೆ ಒಂದು ವರ್ಚುವಲ್ ಮಷಿನ್ ಮಾಡಿಕೊಟ್ಟೆ. ಒಂದು ಕಂಪ್ಯೂಟರಿನ ಒಳಗೆ ಇನ್ನೊಂದು ಕಂಪ್ಯೂಟರ್ ಇದ್ದಂತೆ ಅದು. ಒಳಗಿನದು ಹಳೆಯ ವಿಂಡೋಸ್. ಹೊರಗಿನ ಲಿನಕ್ಸಿನ ಪಾಲಿಗೆ ಅದು ಬರೀ ಒಂದು ದೊಡ್ಡ ಫೈಲು. ದಸರೆಯ ಸುಮಾರಿಗೆ ಪ್ರಿಂಟರ್ ಜೋಡಿಸುವ ಮುಂಚೆ, ಏನಾದರೂ ಎಡವಟ್ಟಾದರೆ ಹಿಂದಿನ ಸ್ಥಿತಿಗೆ ಮರಳಲು ಬರಲಿ ಎಂದು ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟೆ.

"ಇನ್ನ ನಿಮ್ಮ ಬರಿಯೂದು ಎಲ್ಲೂ ಹೋಗೂದಿಲ್ರಿ" ಎಂದು ಅವರಿಗೆ ಧೈರ್ಯ ಹೇಳಿದೆ. ಬೇರೆ ಪ್ರತಿ ತೆಗೆದಿಡುವುದನ್ನು ಅಲ್ಲಿಗೇ ಬಿಟ್ಟೆ.

ಆ ವರ್ಷ ಅವರ ಕಿಡ್ನಿ ಕೈಕೊಟ್ಟಿತು. ವಾರಕ್ಕೆರಡು ಸಲ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದರು. ಉಳಿದ ದಿನಗಳಲ್ಲಿ, ಕಾಲಿನ ಬಾವು ಇಳಿದಿದ್ದರೆ ಊರೂರಿಗೆ ಹೋಗುತ್ತಿದ್ದರು, ಇಲ್ಲದಿದ್ದರೆ ಟೈಪು ಮಾಡುತ್ತಿದ್ದರು. ಶ್ರಾವಣದ ಹೊತ್ತಿಗೆ ನಡೆಯುವುದೇ ಕಷ್ಟವಾಯಿತು. ಆಗಲೇ ಅವರ ಫೋನು ಬಂತು.

"ತಮ್ಮಾ, ಅದು ಮೊನ್ನಿಂದ ನಡನಡಕ ನಿಂದರಾಕತ್ತಿತ್ತು. ಇವತ್ತ ಚಾಲೂನ ಆಗವಲ್ದು ನೋಡು."

ರವಿವಾರ ಮುಂಜಾನೆಯ ಗಾಡಿಗೆ ಹೋದೆ. ಡಿಸ್ಕಿನಲ್ಲಿ ಜಾಗವಿಲ್ಲ ಎಂದು ತೋರಿಸುತ್ತಿತ್ತು. ಜಾಗವೆಷ್ಟಿದೆ ನೋಡುವ ಆಜ್ಞೆ ಕೊಟ್ಟರೆ ಪೂರ್ತಿ ತುಂಬಿತ್ತು. ಬೇಡದ ಸಣ್ಣಪುಟ್ಟ ಫೈಲುಗಳನ್ನು ತೆಗೆದೆ; ಸಾಲಲಿಲ್ಲ. ಸ್ನ್ಯಾಪ್‌ಶಾಟ್‌ಗಳ ಫೋಲ್ಡರಿನಲ್ಲಿ ಅಂಕಿ ಅಕ್ಷರಗಳನ್ನು ಕಲಸಿಟ್ಟಂಥ ಉದ್ದ ಹೆಸರಿನ, ಬಹಳ ದೊಡ್ಡ ಫೈಲೊಂದು ಸಿಕ್ಕಿತು. ಪ್ರಿಂಟರ್ ಕೆಲಸ ಯಾವಾಗಲೋ ಮುಗಿದಿದೆ, ಆಗಿನ ಹಳೆಯದು ಇದು, ಇನ್ನೇಕೆ ಎಂದುಕೊಂಡೆ. ಅದಕ್ಕೆ ಕೊನೆಯ ಸಲ ಬರೆದದ್ದು ಯಾವತ್ತು ಎಂದು ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ಅಳಿಸು ಎನ್ನುವ ಆರ್‌ಎಂ ಎಂಬ ಎರಡಕ್ಷರ, ಮುಂದೆ ಆ ಫೈಲಿನ ಹೆಸರು. ಎಂಟರ್ ಒತ್ತಿದೆ.

"ಜಾಗಾ ಆತ್ರಿ ಬಾಯಾರ!" ಎಂದು ಒಳಗೆ ಕೇಳುವಂತೆ ಕೂಗಿ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

ಮಷಿನ್ ಏಳಲಿಲ್ಲ. ನಾನು ತೆಗೆದ ಫೈಲನ್ನೇ ಅದು ಕೇಳುತ್ತಿತ್ತು. ಮೂಲ ಫೈಲನ್ನು ಹೊಸದೊಂದು ಮಷಿನ್ನಿಗೆ ಜೋಡಿಸಿ ತೆರೆದೆ. ವಿಂಡೋಸ್ ಬಂತು, ಬಾಯಾರ ಫೋಲ್ಡರ್ ಬಂತು. ಕೊನೆಯ ಬರಹ ಹೋದ ದಸರೆಯದು. ಆಗ ತಿಳಿಯಿತು. ಸ್ನ್ಯಾಪ್‌ಶಾಟ್ ತೆಗೆದ ಮೇಲೆ ಮೂಲ ಫೈಲಿಗೆ ಏನೂ ಸೇರುವುದಿಲ್ಲ. ಆಮೇಲೆ ಬರೆದದ್ದೆಲ್ಲ ಬೇರೊಂದು ಫೈಲಿಗೆ ಹೋಗುತ್ತದೆ. ನಾನು ಹಳೆಯದೆಂದು ಅಳಿಸಿದ್ದು ಆ ಫೈಲನ್ನು.

ಬಾಯಾರು ಗೋಡೆ ಹಿಡಿದುಕೊಂಡು ಚಹಾ ತಂದರು.

"ಬಂತೇನು?"

"ಬಂತ್ರಿ. ಆದ್ರ... ದಸರಾದಿಂದ ಈಚಿಕಿನವು ಇಲ್ರಿ."

"ಎಲ್ಲಿ ಹೋದವು?"

"ನಾನ ಅಳಿಸಿಬಿಟ್ಟೇನ್ರಿ. ತಿಳೀಲಾರದ."

ಅವರು ಕುರ್ಚಿಯಲ್ಲಿ ಕುಳಿತರು. ಪರದೆಯ ಮೇಲಿನ ಹೆಸರುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ, "ಕುಬಿಹಾಳದ್ದು?" ಎಂದರು.

"ಅದೂ ಹೋತ್ರಿ."

"ನೀ ಅದನ್ನ ಓದಲಿಲ್ಲಲ್ಲ." ಅಷ್ಟೇ ಅಂದರು. ಬೈದಿದ್ದರೆ ಚಲೋ ಇತ್ತು.

ಕೈಬರಹದ ಟಿಪ್ಪಣಿಗಳೂ ಇರಲಿಲ್ಲ. ಎದುರಿಗೆ ಬರೆದುಕೊಳ್ಳುತ್ತ ಕುಳಿತರೆ ಹೇಳುವವರ ಬಾಯಿ ಕಟ್ಟುತ್ತದೆ ಎಂದು, ಅವರು ಕೇಳಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದು ನೇರ ಟೈಪು ಮಾಡುತ್ತಿದ್ದರು.

ಯಂತ್ರವನ್ನು ತಕ್ಷಣ ಬಂದ್ ಮಾಡಿ, ಡಿಸ್ಕು ಬಿಚ್ಚಿಕೊಂಡು ಹುಬ್ಬಳ್ಳಿಗೆ ಹೋದೆ. ಅಳಿದ ಫೈಲು ಹುಡುಕಿಕೊಡುವವನೊಬ್ಬ ನಾಲ್ಕು ದಿನ ಪ್ರಯತ್ನಿಸಿದ. ಸಿಕ್ಕಿದ್ದು ಚೂರುಗಳು. ಹಳೆಯ ತಂತ್ರಾಂಶದ ಕನ್ನಡ ಅದರಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿತ್ತು. ಕಾಲೇಜು ಬಿಟ್ಟ ಮೇಲೆ ದಿನಾ ಕುಳಿತು ಒಂದೊಂದೇ ಚೂರನ್ನು ಕನ್ನಡಕ್ಕೆ ತಿರುಗಿಸಿದೆ. ಓದಲು ಬಂದ ಪೂರ್ತಿ ವಾಕ್ಯ ಒಂದೇ: "ಆಕೆ ತನ್ನ ಶಾಲೆಯ ಪಾಟಿಯನ್ನು ಇನ್ನೂ ಇಟ್ಟುಕೊಂಡಿದ್ದಾಳೆ." ಯಾರು ಎಂದು ಬಾಯಾರನ್ನು ಕೇಳಿದೆ. ಕಣ್ಣು ಮುಚ್ಚಿ ಯೋಚಿಸಿದರು. "ನೆನಪಾಗವಲ್ದೋ" ಎಂದರು.

ಒಂದು ದಿನ ಅವರೇ, "ನಾ ಹೇಳ್ತೀನಿ, ನೀ ಬರಕೋ" ಎಂದರು. ಹಾಸಿಗೆಯ ಬಾಜು ಕುಳಿತು ಟೈಪು ಮಾಡಿಕೊಂಡೆ. ಇಬ್ಬರು ಹುಡುಗಿಯರದು ಪೂರ್ತಿ ಬಂತು. ಮೂರನೆಯವಳದು ಹೇಳುತ್ತ ಹೇಳುತ್ತ ತಡೆದರು.

"ಏ, ತಡಿ. ಆ ಎಮ್ಮಿ ಸತ್ತದ್ದು ಈಕಿ ಮನ್ಯಾಗಲ್ಲ. ಇಬ್ಬರನ್ನೂ ಕಲಸಿಬಿಟ್ನೆಲ್ಲೋ."

"ಇರ್ಲಿ ಹೇಳ್ರಿ, ಆಮ್ಯಾಲೆ ಕೇಳಿ ತಿದ್ದೂಣು."

"ಬ್ಯಾಡ. ಅವರು ನಂಬಿ ಹೇಳ್ಯಾರ. ಸುಳ್ಳ ಬರಿಯೂದು ಬ್ಯಾಡ. ಬಂದ್ ಮಾಡು."

ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಮತ್ತೆ ಆ ಮಾತು ತೆಗೆಯಲಿಲ್ಲ.

ಅಕ್ಕನದಾದರೂ ತಂದುಕೊಡೋಣವೆಂದು ಕುಬಿಹಾಳಕ್ಕೆ ಹೋದೆ. ಅವಳು ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಆದದ್ದನ್ನೆಲ್ಲ ಹೇಳಿ, "ಬಾಯಾರ ಮುಂದ ಹೇಳಿದ್ದು ನನಗ ಹೇಳಬೇ ಅಕ್ಕಾ, ಬರಕೋತೀನಿ" ಎಂದೆ.

ಅವಳ ಕೈ ನಿಂತಿತು. "ಹೋದ್ರ ಹೋತು ಬಿಡು."

"ಹಂಗನಬ್ಯಾಡ."

"ಅವರ ಮುಂದ ಅತ್ತ ಹೇಳಿದ್ನೋ. ನಿನ್ನ ಮುಂದ ಹೆಂಗ ಅಳ್ಲಿ? ನಿನ್ನ ಸಲುವಾಗಿ ಶಾಲಿ ಬಿಟ್ಟಾಕಿ ನಾ." ಮತ್ತೆ ಸುಲಿಯತೊಡಗಿ, ಮೆಲ್ಲಗೆ, "ನಿನಗ ಕೇಳಾಕ ಆಗೂದಿಲ್ಲ ಅದು" ಎಂದಳು.

ನಾನೂ ಒಂದು ಹಿಡಿ ಶೇಂಗಾ ತೆಗೆದುಕೊಂಡು ಸುಲಿಯುತ್ತ ಕುಳಿತೆ. ಅವಳು ಏನು ಹೇಳಿದ್ದಳೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಸಂಕ್ರಾಂತಿ ಕಳೆದ ವಾರ ಬಾಯಾರು ತೀರಿಕೊಂಡರು. ಉಳಿದಿದ್ದ ಬರಹಗಳನ್ನು ಸೇರಿಸಿ ಅವರ ತಂಗಿಯೂ ನಾನೂ ಒಂದು ಸಣ್ಣ ಪುಸ್ತಕ ಮಾಡಿಸಿದೆವು. ತಂಗಿ ನೆನಪಿನಿಂದ ಹೇಳಿದ ಹೆಸರು, ಊರು ಹಿಡಿದು, ಬಾಯಾರು ಮಾತಾಡಿಸಿದ್ದ ಎಲ್ಲರಿಗೂ ಒಂದೊಂದು ಪ್ರತಿ ಮುಟ್ಟಿಸುವ ಕೆಲಸ ನಾನು ತೆಗೆದುಕೊಂಡೆ. ಕಲಘಟಗಿ ಕಡೆಯ ಹಳ್ಳಿಯೊಂದರಲ್ಲಿ ನನಗಿಂತ ದೊಡ್ಡವಳಾದ ಹೆಣ್ಣುಮಗಳೊಬ್ಬಳು ಕೈ ಒರೆಸಿಕೊಂಡು ಪುಸ್ತಕ ಇಸಿದುಕೊಂಡಳು. ಬಾಗಿಲಲ್ಲೇ ನಿಂತು, ಬೆರಳಿಟ್ಟು, ಒಂದೊಂದೇ ಹೆಸರು ಓದುತ್ತ ಕೊನೆಯ ಪುಟದವರೆಗೆ ಹೋದಳು. ಮತ್ತೆ ಮೊದಲಿಂದ ತಿರುವಿದಳು.

"ನಂದೆಲ್ಲೈತ್ರಿ? ಬಾಯಾರು ಬಂದು ಎಲ್ಲಾ ಕೇಳಿಕೊಂಡು ಹೋಗಿದ್ರಲ್ಲ."

"ಬರದಿದ್ರು ಅವರು. ನನ್ನ ಕೈಯಾಗ ಹಾಳಾತ್ರಿ, ಅಕ್ಕಾರ."

ಅವಳು ನನ್ನ ಮುಖ ನೋಡಿದಳು. "ಬರದಿದ್ರು ಹೌದಲ್ರಿ?" ಎಂದು ಮತ್ತೊಮ್ಮೆ ಕೇಳಿದಳು.

"ಹೌದ್ರಿ. ಬರದಿದ್ರು."

ಪುಸ್ತಕವನ್ನು ಎದೆಗೊತ್ತಿಕೊಂಡು ಒಳಗೆ ಹೋದಳು. ನಾನು ಬಸ್ಸಿನ ಹೊತ್ತಾಯಿತೆಂದು ಹೊರಟೆ.