ಶಕೀಲಾ ಹಚ್ಚಿದ ಮುಲಾಮು

ಫೋನಿನಲ್ಲಿ ಸುಳ್ಳು ಹೇಳಿದರೆ ಆದಿಲಕ್ಷ್ಮಿಗೆ ಗೊತ್ತಾಗಿಬಿಡುತ್ತದೆ. "ದಿನಾ ಹಚ್ತಿದೀನಿ ಸಿಸ್ಟರ್, ತಪ್ಸಿಲ್ಲ" ಎಂದು ಯಾರಾದರೂ ಒಂದೇ ಉಸಿರಿಗೆ ಹೇಳಿದರೆ, ಅವರು ಟ್ಯೂಬಿನ ಮುಚ್ಚಳ ತೆಗೆದೇ ಇಲ್ಲ ಎಂದು ಅವಳು ತಿಳಿದುಕೊಳ್ಳುತ್ತಾಳೆ. ಅದಕ್ಕೇ ಅವಳು ಹಚ್ಚಿದಿರಾ ಎಂದು ಕೇಳುವುದಿಲ್ಲ. "ಇವತ್ತು ಹಚ್ಚಿದ್ಮೇಲೆ ಎಷ್ಟೊತ್ತು ಉರೀತು?" ಎಂದು ಕೇಳುತ್ತಾಳೆ. ಹಚ್ಚದವರು ಅಲ್ಲಿ ತಡವರಿಸುತ್ತಾರೆ.

ಅವಳು ಹುಟ್ಟಿ ಬೆಳೆದದ್ದು ದೊಡ್ಡನೆಕ್ಕುಂದಿಯಲ್ಲಿ. ಒಂದು ನರ್ಸಿಂಗ್ ಹೋಮಿನ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ನಿಂತು ದುಡಿದು, ಮಂಡಿ ಸವೆದ ಮೇಲೆ ಹಲಸೂರಿನ ಒಂದು ಚರ್ಮದ ಕ್ಲಿನಿಕ್ಕಿಗೆ ಸೇರಿಕೊಂಡಳು. ಇಲ್ಲಿ ಕೂತು ಮಾಡುವ ಕೆಲಸ. ರೊಸೇಷಿಯಾ ಇರುವವರಿಗೆ ಫೋನ್ ಮಾಡಿ, ಅವರು ಮುಲಾಮು ಬಿಡದ ಹಾಗೆ ನೋಡಿಕೊಳ್ಳಬೇಕು. ಈ ಕಾಯಿಲೆಯಲ್ಲಿ ಕೆನ್ನೆ ಮೂಗು ಕೆಂಪಾಗುತ್ತವೆ, ಕೆಂಡದ ಮುಂದೆ ಕೂತ ಹಾಗೆ ಉರಿಯುತ್ತವೆ, ಸಣ್ಣ ಗುಳ್ಳೆಗಳು ಏಳುತ್ತವೆ. ಬಿಸಿಲು, ಖಾರ, ಕುದಿಯುವ ಟೀ ಯಾವುದೂ ಆಗಿಬರುವುದಿಲ್ಲ. ಮುಲಾಮು ದಿನವೂ ಹಚ್ಚಿದರೆ ತಣಿಯುತ್ತದೆ, ಆದರೆ ಅದಕ್ಕೆ ಎರಡು ಮೂರು ತಿಂಗಳು ಬೇಕು. ಅಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ. ಗರುಡಾಚಾರ್‌ಪಾಳ್ಯದ ಜಟ್ಟೆಪ್ಪ ಬೇಕರಿಯ ಒಲೆ ಮುಂದೆ ನಿಲ್ಲುವವನು, ಮರೆತುಹೋಗುತ್ತೆ ಎನ್ನುತ್ತಿದ್ದ. ಟ್ಯೂಬನ್ನು ಹಲ್ಲುಜ್ಜುವ ಬ್ರಷ್ಷಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡಲು ಆದಿಲಕ್ಷ್ಮಿಯೇ ಹೇಳಿಕೊಟ್ಟಳು. ಆಮೇಲೆ ಅವನು ಮರೆಯಲಿಲ್ಲ.

ಅವಳ ಮೇಜಿನ ಮೇಲೆ ಒಂದು ಚಿಕ್ಕ ತಕ್ಕಡಿ ಇರುತ್ತದೆ. ಪ್ರತಿ ತಿಂಗಳು ಪೇಷಂಟುಗಳು ತಮ್ಮ ಟ್ಯೂಬು ತರಬೇಕು. ಬಳಸಿದ್ದು ಎಷ್ಟು, ಉಳಿದದ್ದು ಎಷ್ಟು ಎಂದು ಅವಳು ತೂಗಿ ನೋಡುತ್ತಾಳೆ. ಬಾಯಿ ಏನೇ ಹೇಳಲಿ, ಟ್ಯೂಬು ನಿಜ ಹೇಳುತ್ತದೆ ಎಂದು ನಂಬಿದ್ದಳು. ಆ ನಂಬಿಕೆ ಶಕೀಲಾ ಬರುವ ತನಕ ಗಟ್ಟಿಯಾಗಿತ್ತು.

ಶಕೀಲಾ ಶಿವಾಜಿನಗರದವಳು. ಐವತ್ತರ ಆಸುಪಾಸು, ಕುಳ್ಳಗೆ ತೆಳ್ಳಗೆ, ಮೆತ್ತಗಿನ ದನಿ. ಮನೆಯಲ್ಲೇ ಕೂತು ಬ್ಲೌಸುಗಳಿಗೆ ಜರಿ ಕಸೂತಿ ಹಾಕುತ್ತಿದ್ದಳು. ದುಪಟ್ಟಾದಲ್ಲಿ ಕಣ್ಣಿನ ಕೆಳಗಿನದನ್ನೆಲ್ಲ ಮುಚ್ಚಿಕೊಂಡೇ ಬರುತ್ತಿದ್ದಳು. ಮೂರು ತಿಂಗಳು ಟ್ಯೂಬು ತಂದಳು. ಮೂರೂ ಸಲ ಎಷ್ಟು ಖರ್ಚಾಗಬೇಕೋ ಅಷ್ಟೇ ಖರ್ಚಾಗಿತ್ತು, ಒಂದು ಗ್ರಾಮೂ ಆಚೀಚೆ ಇರಲಿಲ್ಲ. ಮುಖ ಮಾತ್ರ ಮೊದಲ ದಿನಕ್ಕಿಂತ ಹೆಚ್ಚು ಕೆಂಪಾಗಿತ್ತು.

"ಈ ಮೆಡಿಸಿನ್ ಇವ್ರಿಗೆ ಕೆಲ್ಸ ಮಾಡ್ತಿಲ್ಲ ಅನ್ಸುತ್ತೆ. ಮಾತ್ರೆ ಶುರು ಮಾಡೋಣ" ಎಂದರು ಡಾಕ್ಟರ್ ಬೃಂದಾ.

ಆದಿಲಕ್ಷ್ಮಿಗೆ ಏನೋ ಸರಿ ಕಾಣಲಿಲ್ಲ. ಮುಲಾಮು ಹಚ್ಚಿದ ಚರ್ಮ ವಾಸಿಯಾಗದಿದ್ದರೂ ಸ್ವಲ್ಪವಾದರೂ ಬೇರೆ ಥರ ಕಾಣುತ್ತದೆ. ಈ ಚರ್ಮವನ್ನು ಯಾರೂ ಮುಟ್ಟಿದಂತೆಯೇ ಇರಲಿಲ್ಲ.

"ಒಂದ್ವಾರ ಬಿಡಿ ಮೇಡಂ. ನಾನೇ ಅವ್ರ ಮನೆಗೆ ಹೋಗಿ ನೋಡ್ಕೊಂಡು ಬರ್ತೀನಿ" ಎಂದಳು.

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಹೋದಳು. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಕಡಿದಾದ ಮೆಟ್ಟಿಲು ಹತ್ತಿದರೆ ಎರಡು ಕೋಣೆಯ ಮನೆ. ಕೆಳಗೆ ತರಕಾರಿ ಕೂಗುವವರು, ಆಟೋಗಳು. ಬಾಗಿಲು ದಾಟಿದ ಕೂಡಲೇ ಒಂದು ಸದ್ದೂ ಇಲ್ಲ. ಬಿಸಿಲು ಆಗದೆಂದು ಶಕೀಲಾ ಕಿಟಕಿಗಳಿಗೆಲ್ಲ ದಪ್ಪ ಬಟ್ಟೆ ಕಟ್ಟಿದ್ದಳು. ಗೋಡೆಗೆ ಕಪ್ಪು ಕಬ್ಬಿಣದ ಬೀರು, ಅದರ ಬಾಗಿಲಿಗೆ ಆಳೆತ್ತರದ ಕನ್ನಡಿ. ಕನ್ನಡಿಯ ಮೇಲ್ಭಾಗ ಬೆಳ್ಳಗೆ ಮಂಜು ಕವಿದ ಹಾಗಿತ್ತು.

"ಸರಿಯಾದ ಟೈಮಿಗೇ ಬಂದ್ರಿ ಸಿಸ್ಟರ್, ಈಗ ಹಚ್ಚೋ ಹೊತ್ತು" ಎಂದು ಶಕೀಲಾ ಟ್ಯೂಬು ತೆಗೆದುಕೊಂಡಳು. ಕ್ಲಿನಿಕ್ಕಿನಲ್ಲಿ ಹೇಳಿಕೊಟ್ಟಂತೆ ಬಟಾಣಿ ಕಾಳಿನಷ್ಟನ್ನು ಬೆರಳಿಗೆ ಹಿಂಡಿಕೊಂಡಳು. ಕನ್ನಡಿಯ ಮುಂದೆ ನಿಂತು, ತುದಿಗಾಲಲ್ಲಿ ಎದ್ದು, ಗಾಜಿನ ಮೇಲೆ ಐದು ಚುಕ್ಕೆ ಇಟ್ಟಳು. ಹಣೆ, ಮೂಗು, ಎರಡು ಕೆನ್ನೆ, ಗದ್ದ. ಆಮೇಲೆ ಮಗುವಿಗೆ ಹಚ್ಚುವ ಹಾಗೆ, ನೋಯದಂತೆ, ಗಾಜಿನ ಮೇಲೆ ಸವರಿದಳು. ಬೆರಳಲ್ಲಿ ಏನೂ ಉಳಿಯಲಿಲ್ಲ. ಟ್ಯೂಬಿನ ಮುಚ್ಚಳ ಹಾಕಿದಳು.

ಆದಿಲಕ್ಷ್ಮಿ ಗದರಲಿಲ್ಲ. ವಾರ್ಡಿನಲ್ಲಿ ಕಲಿತ ಬುದ್ಧಿ ಅದು, ತಕ್ಷಣ ತಿದ್ದಲು ಹೋಗಬಾರದು.

"ಯಾರಿಗೆ ಹಚ್ಚಿದ್ರಿ?" ಎಂದು ಮೆಲ್ಲಗೆ ಕೇಳಿದಳು.

"ಆಪಾಗೆ."

ಆಪಾ ಎಂದರೆ ಅಕ್ಕ. ಹೆಸರು ಶಿರೀನ್. ಅಕ್ಕ ತಂಗಿ ಇಬ್ಬರೇ ಮೂವತ್ತು ವರ್ಷ ಈ ಮನೆಯಲ್ಲಿದ್ದರು. ಅಕ್ಕನಿಗೂ ಇದೇ ಕಾಯಿಲೆ ಇತ್ತು. ಬಿಸಿಲು ಎಂದಳು, ಮಸಾಲೆ ಎಂದಳು, ಯಾವ ಡಾಕ್ಟರ ಹತ್ತಿರವೂ ಹೋಗಲಿಲ್ಲ. ಎರಡು ವರ್ಷದ ಹಿಂದೆ ಎದೆನೋವು ಬಂದು ಅರ್ಧ ಗಂಟೆಯಲ್ಲಿ ತೀರಿಕೊಂಡಿದ್ದಳು.

"ಕೊನೆವರೆಗೂ ಮುಖ ಉರಿ ಅಂತಿದ್ಲು ಸಿಸ್ಟರ್. ಅವಳಿಗೆ ಸಿಗ್ದೇ ಇರೋ ಮದ್ದು ನನಗೆ ಸಿಕ್ತು. ಬೆಳಿಗ್ಗೆ ಕನ್ನಡಿ ಮುಂದೆ ನಿಂತ್ರೆ ಅವಳೇ ಬಂದು ನಿಲ್ತಾಳೆ. ನಾನು ಹೆಂಗೆ ಹಚ್ಕೊಳ್ಲಿ?"

"ನಿಮ್ಮ ಮುಖಾನೇ ಅಲ್ವಾ ಅಲ್ಲಿ ಕಾಣೋದು?"

"ಆಪಾ ನನಗಿಂತ ಉದ್ದ" ಎಂದಳು ಶಕೀಲಾ. "ನೋಡಿ."

ಆದಿಲಕ್ಷ್ಮಿ ನೋಡಿದಳು. ಶಕೀಲಾಳ ಪ್ರತಿಬಿಂಬದ ನೆತ್ತಿ ಮುಗಿಯುವಲ್ಲಿ ಮುಲಾಮಿನ ಮುಖದ ಗದ್ದ ಶುರುವಾಗಿತ್ತು. ಮೂರು ತಿಂಗಳ ಮುಲಾಮು ಪದರಪದರವಾಗಿ ಒಣಗಿ, ಅಲ್ಲೊಂದು ಅಂಡಾಕಾರದ ಬಿಳಿ ಗುರುತು ಕೂತಿತ್ತು. ಹತ್ತಿರದಿಂದ ನೋಡೋಣವೆಂದು ಅವಳು ಎರಡು ಹೆಜ್ಜೆ ಮುಂದೆ ಹೋಗಿ ಕನ್ನಡಿಯ ಎದುರು ನಿಂತಳು. ಅವಳು ಉದ್ದನೆಯ ಹೆಂಗಸು. ಆ ಬಿಳಿ ಗುರುತು ಅವಳ ಮುಖದ ಮೇಲೆ ಸರಿಯಾಗಿ ಬಂದು ಕೂತಿತು. ಹಣೆಗೆ ಹಣೆ, ಮೂಗಿಗೆ ಮೂಗು, ಗದ್ದಕ್ಕೆ ಗದ್ದ. ತನ್ನ ಕಣ್ಣುಗಳು ಮಾತ್ರ ಆ ಬಿಳುಪಿನ ನಡುವೆ ತನ್ನನ್ನೇ ನೋಡುತ್ತಿದ್ದವು.

ಹಿಂದಿನಿಂದ ಶಕೀಲಾ ಬಹಳ ಮೆಲ್ಲಗೆ, "ಆಪಾ" ಎಂದಳು.

ಆದಿಲಕ್ಷ್ಮಿ ಬೆಚ್ಚಿ ಹೆಜ್ಜೆ ತಪ್ಪಿದಳು. ಆಸರೆಗೆಂದು ಕೈ ಚಾಚಿದಾಗ ಬೆರಳು ಗಾಜಿಗೆ ತಗುಲಿತು. ಬೀರುವಿನ ಕಬ್ಬಿಣ ತಣ್ಣಗಿತ್ತು, ಕೋಣೆ ತಣ್ಣಗಿತ್ತು. ಕೆನ್ನೆಯ ಜಾಗದಲ್ಲಿ ಗಾಜು ಬೆಚ್ಚಗಿತ್ತು. ಈಗಷ್ಟೇ ಶಕೀಲಾಳ ಕೈ ಆಡಿದ್ದರಿಂದ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಪಕ್ಕಕ್ಕೆ ಸರಿದು ಮಂಚದ ಮೇಲೆ ಕನ್ನಡಿಗೆ ಬೆನ್ನು ಹಾಕಿ ಕೂತಳು.

ಎದ್ದು ಹೊರಟುಬಿಡಬಹುದಿತ್ತು. ಆದರೆ ಎದುರಿಗೆ ನಿಂತ ಹೆಂಗಸಿನ ಮುಖ ಉರಿಯುತ್ತಿತ್ತು, ಅದು ಅವಳಿಗೆ ಕಾಣುತ್ತಿತ್ತು.

"ಆಪಾ ಇದ್ದಾಗ ಊಟಕ್ಕೆ ಮೊದ್ಲು ಯಾರು ಕೂರ್ತಿದ್ರಿ?" ಎಂದು ಕೇಳಿದಳು.

"ನಾನು. ಆಪಾ ಬಡಿಸ್ತಿದ್ಲು. ನಾನು ತಿಂದು ಎದ್ಮೇಲೆ ಅವ್ಳು ತಿಂತಿದ್ಲು."

"ಒಂದಿನಾನಾದ್ರೂ ನಿಮಗಿಂತ ಮೊದ್ಲು ತಿಂದಿದ್ರಾ?"

"ಇಲ್ಲ."

"ಮತ್ತೆ ಈಗ ಯಾಕೆ ಅವ್ರಿಗೆ ಮೊದ್ಲು ಬಡಿಸ್ತಿದೀರಿ? ಅವ್ರಿಗೆ ಬೇಜಾರಾಗಲ್ವಾ? ಮೊದ್ಲು ನೀವು ಹಚ್ಕೊಳ್ಳಿ. ಅವ್ರು ನೋಡ್ಲಿ. ಆಮೇಲೆ ಅವ್ರಿಗೆ ಇಡಿ."

ಶಕೀಲಾ ಬಹಳ ಹೊತ್ತು ಕನ್ನಡಿಯನ್ನೇ ನೋಡಿದಳು, ಯಾರದೋ ಒಪ್ಪಿಗೆಗೆ ಕಾಯುವ ಹಾಗೆ. ಆಮೇಲೆ ಮುಚ್ಚಳ ಬಿಚ್ಚಿ ಹಣೆಯ ಮೇಲೆ ಮೊದಲ ಚುಕ್ಕೆ ಇಟ್ಟುಕೊಂಡಳು. ಐದೂ ಚುಕ್ಕೆ ಇಟ್ಟು ಸವರಿಕೊಳ್ಳುವಾಗ ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ಆದಿಲಕ್ಷ್ಮಿ ಟಿಶ್ಯೂ ಕೊಟ್ಟು, "ಒರೆಸ್ಕೋಬೇಡಿ, ಒತ್ಕೊಳ್ಳಿ" ಎಂದಳು.

ಅವತ್ತಿನಿಂದ ದಿನವೂ ಹತ್ತು ಗಂಟೆಗೆ ಶಕೀಲಾಳಿಗೆ ಫೋನ್ ಮಾಡಿದಳು. ಗಂಡ ಅಂಜನಮೂರ್ತಿ ವಿಷಯ ಕೇಳಿ, "ಆ ಮನೆಗೆ ಇನ್ನು ಹೋಗ್ಬೇಡ ಕಣೇ" ಎಂದಿದ್ದ. ಅವಳು ಹೋಗಲಿಲ್ಲ, ಫೋನ್ ಮಾತ್ರ ಬಿಡಲಿಲ್ಲ. "ಮೊದ್ಲು ಯಾರು?" ಎಂದು ಕೇಳುತ್ತಿದ್ದಳು. "ನಾನು" ಎನ್ನುತ್ತಿದ್ದಳು ಶಕೀಲಾ. ಅದರ ಹಿಂದೆಯೇ ಕೆಲವು ದಿನ ಫೋನಿನಲ್ಲಿ ಇನ್ನೊಂದು ಉಸಿರು ಕೇಳಿದಂತಾಗುತ್ತಿತ್ತು. ಲೈನ್ ಸರಿಯಿಲ್ಲ ಎಂದುಕೊಳ್ಳುತ್ತಿದ್ದಳು.

ಎರಡು ತಿಂಗಳಿಗೆ ಮುಖ ತಣಿಯತೊಡಗಿತು. ಗುಳ್ಳೆಗಳು ಬತ್ತಿದವು. ಟ್ಯೂಬು ಮಾತ್ರ ಅರ್ಧ ತಿಂಗಳಿಗೇ ಮುಗಿಯುತ್ತಿತ್ತು.

"ಇವ್ರು ಜಾಸ್ತಿ ಹಚ್ತಿದಾರಾ?" ಡಾಕ್ಟರು ಕೇಳಿದರು.

"ಮನೇಲಿ ಇನ್ನೊಬ್ರಿಗೂ ಸ್ವಲ್ಪ ಹೋಗುತ್ತೆ ಮೇಡಂ."

"ಮೆಡಿಸಿನ್ ಹಂಚ್ಕೋಬಾರ್ದು ಅಂತ ಹೇಳಿ."

"ಹೇಳ್ತೀನಿ" ಎಂದಳು ಆದಿಲಕ್ಷ್ಮಿ. ಹೇಳಲಿಲ್ಲ.

ಆ ಮಂಗಳವಾರದಿಂದ ನಾಲ್ಕನೆಯ ತಿಂಗಳು ಶಕೀಲಾ ದುಪಟ್ಟಾ ಹೆಗಲಿಗೆ ಇಳಿಸಿಕೊಂಡು ಬಂದಳು. ಕೆನ್ನೆಯಲ್ಲಿ ಸ್ವಲ್ಪ ಬಣ್ಣ ಉಳಿದಿತ್ತು ಅಷ್ಟೆ. ಅಣ್ಣನ ಮಗಳ ಮದುವೆಗೆ ಮುಖ ತೆರೆದೇ ಹೋಗಿ ಫೋಟೋಗೆ ನಿಂತೆ ಎಂದು ಹೇಳಿ ನಕ್ಕಳು. ಆದಿಲಕ್ಷ್ಮಿ ಟ್ಯೂಬನ್ನು ತಕ್ಕಡಿಗೆ ಇಟ್ಟಳು. ತಿಂಗಳಿಡೀ ಒಬ್ಬರು ಹಚ್ಚಿಕೊಂಡರೆ ಎಷ್ಟು ಖರ್ಚಾಗಬೇಕೋ ಅಷ್ಟೇ ಖರ್ಚಾಗಿತ್ತು.

"ಆಪಾಗೆ ಹಚ್ತಿಲ್ವಾ?" ಎಂದು ಕೇಳಿದಳು.

"ಬರ್ತಾ ಇಲ್ಲ ಸಿಸ್ಟರ್. ತಿಂಗ್ಳ ಮೇಲಾಯ್ತು. ಕನ್ನಡಿ ಒರೆಸ್ಬಿಟ್ಟೆ. ಈಗ ನಾನೊಬ್ಳೇ ಕಾಣ್ತೀನಿ." ಶಕೀಲಾಳ ದನಿಯಲ್ಲಿ ದುಃಖವಿರಲಿಲ್ಲ. ಮನೆಯವರೊಬ್ಬರು ಊರಿಗೆ ಹೋದ ಸುದ್ದಿ ಹೇಳುವ ಹಾಗಿತ್ತು.

"ಎಲ್ಲಿಗೆ ಹೋದ್ರು?"

ಶಕೀಲಾ ಚೀಲ ಹೆಗಲಿಗೆ ಹಾಕಿಕೊಳ್ಳುತ್ತ ಅವಳ ಮುಖವನ್ನೇ ಒಂದು ಗಳಿಗೆ ದಿಟ್ಟಿಸಿದಳು.

"ನಿಮ್ ಹತ್ರ ಬಂದಿರ್ಬೇಕು ಅಂದ್ಕೊಂಡಿದ್ದೆ" ಎಂದಳು.

ಆದಿಲಕ್ಷ್ಮಿ ಮುಂದಿನ ತಿಂಗಳ ತಾರೀಕು ಬರೆದುಕೊಟ್ಟಳು. ಆಮೇಲೆ ಮಧ್ಯಾಹ್ನ ಊಟಕ್ಕೆ ಮೊದಲು ಕ್ಲಿನಿಕ್ಕಿನ ಬೇಸಿನ್ನಿನಲ್ಲಿ ಕೈ ತೊಳೆದಳು. ಬೇಸಿನ್ನಿನ ಮೇಲೆ ಕನ್ನಡಿ ಇದೆ. ಅವಳು ತಲೆ ಎತ್ತದೆ ಕೈ ಒರೆಸಿಕೊಂಡು ಬಂದು, ಡಬ್ಬಿ ತೆರೆದು ಊಟಕ್ಕೆ ಕೂತಳು.